ಸರೋವರದ ದಡದ ಮನೆಗೆ ಯಾವಾಗ ಹೋಗಬೇಕು?

ನಾವು ಎಲ್ಲಾ ಕಾಲದಲ್ಲೂ ಸರೋವರದ ದಡದ ಕ್ಯಾಬಿನ್‌ಗೆ ಹೋಗುತ್ತೇವೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ: "ಮಕ್ಕಳನ್ನು ಕರ್ಕೊಂಡು ಹೋಗೋಕೆ ಯಾವ ಕಾಲ ಒಳ್ಳೇದು?" ಬೇಸಿಗೆ ಅನ್ನುವ ಉತ್ತರ ಅವರ ಬಾಯಲ್ಲೇ ಇರುತ್ತದೆ. ನಾನು ಹೂಂ ಅಂದರೆ ಸಾಕು. ಆದರೆ ನಾನು ಹೇಳುವುದು ಬೇಸಿಗೆ ಮುಗಿದು ಎಲೆ ಬಣ್ಣ ತಿರುಗಲು ಶುರುವಾಗುವ ಕೆಲವೇ ವಾರಗಳನ್ನು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಸೀಮೆಯ ಮಾತಿದು.

ನೀರು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೇ ಆರುತ್ತದೆ. ಗಾಳಿ ಒಂದೇ ರಾತ್ರಿಯಲ್ಲಿ ಬದಲಾಗಬಹುದು, ಸರೋವರಕ್ಕೆ ವಾರಗಟ್ಟಲೆ ಬೇಕು. ಹಾಗಾಗಿ ನೀರು ಯಾವಾಗಲೂ ಕ್ಯಾಲೆಂಡರಿಗಿಂತ ಹಿಂದೆ.

ವಸಂತದಲ್ಲಿ ಇದು ಅಪಾಯ. ಬಿಸಿಲು ಚುರುಕಾಗಿರುತ್ತದೆ, ಸ್ವೆಟರ್ ಬಿಚ್ಚಿ ಎಸೆಯೋಣ ಅನ್ನಿಸುತ್ತದೆ. ಆದರೆ ಆಗಷ್ಟೇ ಐಸ್ ಕರಗಿದ ನೀರಿಗೆ ಬಿದ್ದರೆ ಒಳ್ಳೆಯ ಈಜುಗಾರರೂ ಏದುಸಿರು ಬಿಡುತ್ತಾರೆ. ಮೊದಲ ಒಂದು ನಿಮಿಷ ಉಸಿರೇ ಹತೋಟಿಗೆ ಸಿಗುವುದಿಲ್ಲ. ಲೈಫ್ ಜಾಕೆಟ್ ಇಲ್ಲದೆ ಯಾರೂ ದೋಣಿ ಹತ್ತಬಾರದು, ದೊಡ್ಡವರೂ ಅಷ್ಟೇ. ಈ ಕಾಲದಲ್ಲಿ ದಡದಲ್ಲಿ ಓಡಾಡಿ, ಹಕ್ಕಿ ನೋಡಿ. ಸಾಕು.

ಬೇಸಿಗೆ ಚೆನ್ನಾಗಿಲ್ಲ ಅಂತ ಅಲ್ಲ. ಆದರೆ ಬೆಚ್ಚಗಿರುವುದು ಮೇಲಿನ ಪದರ ಮಾತ್ರ. ಬಿಸಿ ನೀರು ಹಗುರ, ಅದು ಮೇಲೇ ತೇಲುತ್ತದೆ. ಗಾಳಿಯಿಲ್ಲದ ದಿನ ಆಳದಲ್ಲಿ ನೆಟ್ಟಗೆ ನಿಂತಂತೆ ತೇಲಿ ನೋಡಿ: ಎದೆಗೆ ಹಿತ, ಪಾದಕ್ಕೆ ಕೊರೆತ. ಇನ್ನೊಂದು ತಮಾಷೆ. ದಡದಿಂದ ಒಳಕ್ಕೆ ದಿನವಿಡೀ ಜೋರು ಗಾಳಿ ಬೀಸಿದರೆ ಬೆಚ್ಚಗಿನ ನೀರೆಲ್ಲ ಆಚೆ ದಡಕ್ಕೆ ಸರಿದು, ಇತ್ತ ತಳದ ತಣ್ಣೀರು ಮೇಲೇಳುತ್ತದೆ. ನಿನ್ನೆ ಹೊರಗೆ ಬರಲ್ಲ ಅಂತ ಹಟ ಹಿಡಿದ ಮಕ್ಕಳು ಇವತ್ತು ಮೊಣಕಾಲುದ್ದಕ್ಕೆ ಇಳಿದು ಕಿರುಚುತ್ತಾ ವಾಪಸ್! ಜೊತೆಗೆ ಸೊಳ್ಳೆ, ಮೋಟಾರ್ ದೋಣಿಗಳ ಗದ್ದಲ, ಪಕ್ಕದ ಕ್ಯಾಬಿನ್‌ನವರ ಸ್ಪೀಕರ್.

ಶರತ್ಕಾಲದ ಶುರುವಿನಲ್ಲಿ ಹಿಂದೆ ಬಿದ್ದ ಅದೇ ನೀರು ನಮ್ಮ ಪರ ಆಗುತ್ತದೆ. ಬೇಸಿಗೆಯಿಡೀ ಕಾದದ್ದು ಇನ್ನೂ ಆರಿರುವುದಿಲ್ಲ. ಬೆಳಗ್ಗೆ ತಣ್ಣನೆ ಗಾಳಿಗೆ ನೀರಿನ ಮೇಲಿಂದ ಹಬೆ ಏಳುತ್ತದೆ, ಒಲೆ ಮೇಲಿಟ್ಟ ಹಂಡೆಯ ಹಾಗೆ. ಹೊರಗೆ ಜಾಕೆಟ್ ಬೇಕು, ಮಧ್ಯಾಹ್ನ ನೀರಿಗಿಳಿಯಲೂಬಹುದು. ಸೊಳ್ಳೆ ಕಡಿಮೆ, ಜನ ಕಡಿಮೆ, ಸಾಮಾನ್ಯವಾಗಿ ಬಾಡಿಗೆಯೂ ಕಡಿಮೆ. ಬೇಗ ಕತ್ತಲಾಗುವುದರಿಂದ ಮಕ್ಕಳು ಮಲಗುವ ಮೊದಲೇ ನಕ್ಷತ್ರ ನೋಡಬಹುದು. ಇದಕ್ಕಿಂತ ಇನ್ನೇನು ಬೇಕು, ಅಲ್ವಾ?

ಚಳಿಗಾಲದ ಬಗ್ಗೆ ಕೇಳುವವರಿಗೆ ನಾನು ಸ್ವಲ್ಪ ಹೆದರಿಸಿಯೇ ಹೇಳುತ್ತೇನೆ. ನೀರು ಅತಿ ಭಾರವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಾದದ್ದು ಮೇಲೇ ಉಳಿದು ಐಸ್ ಆಗುತ್ತದೆ, ಮೀನು ಕೆಳಗೆ ಹಾಯಾಗಿರುತ್ತವೆ. ನಡೆಯಲು ಗಟ್ಟಿಯಾದ ಪಾರದರ್ಶಕ ಐಸ್ ಕನಿಷ್ಠ 10 ಸೆಂಟಿಮೀಟರ್ ದಪ್ಪ ಇರಬೇಕು. ಬೆಳ್ಳಗಿನ ಐಸ್ ಅಷ್ಟು ಗಟ್ಟಿಯಲ್ಲ, ತೊರೆ ಬಂದು ಸೇರುವ ಕಡೆ ನಂಬಲೇಬಾರದು. ರಾತ್ರಿ ಐಸ್ ಹಿಗ್ಗಿ ಕುಗ್ಗುವಾಗ ಠೊಂಯ್ ಅಂತ ಸದ್ದು ಬರುತ್ತದೆ, ಮಕ್ಕಳು ಹಾಸಿಗೆಯಿಂದ ಎದ್ದು ಕೂರುತ್ತಾರೆ. ಮನೆಯೊಳಗೂ ಕೆಲಸ ಜಾಸ್ತಿ. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ, ಪೈಪ್ ಒಡೆಯುವುದು ಹಾಗೆ. ಹೊರಡುವಾಗ ಪೈಪೆಲ್ಲ ಖಾಲಿ ಮಾಡಲೇಬೇಕು. ಮಕ್ಕಳು ತಾವೇ ಬೂಟು ಹಾಕಿಕೊಳ್ಳುವಷ್ಟು ದೊಡ್ಡವರಾದ ಮೇಲೆ ಹೋಗಿ.

"ಶಾಲೆಗೆ ರಜೆ ಇರೋದೇ ಬೇಸಿಗೆಯಲ್ಲಿ" ಅನ್ನುವವರಿಗೆ ನನ್ನ ಸಲಹೆ: ರಜೆಯ ಕೊನೆಯ ವಾರ ಬುಕ್ ಮಾಡಿ. ಮೊದಲ ವಾರದ ಬಿಸಿಲು ನೋಡಿ ಮೋಸ ಹೋಗಬೇಡಿ, ಆಗ ನೀರಿಗೆ ಇನ್ನೂ ಚಳಿ ಬಿಟ್ಟಿರುವುದಿಲ್ಲ.