ಆ ಎರಡು ಎಲ್ಲಿ ಹೋದವು?

ಭಾನುವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. "ಬಿಡಿ ಅಂದ್ರೆ ಹೆಂಗೆ ಸಾಮಿ?"

ನರಸಾಪುರದ ಕಡೆಯ ಒಂದು ಕೆರೆ. ಹೆಸರು ಬರೆಯಲ್ಲ. ಬರೆದರೆ ಮುಂದಿನ ವಾರ ಏರಿ ಮೇಲೆ ಹತ್ತು ಕಾರು ನಿಂತಿರುತ್ತವೆ. ಗಣೇಶನ ಹಬ್ಬ ಕಳೆದ ಮೇಲೆ ಪ್ರತಿ ವರ್ಷ ಅಲ್ಲಿಗೆ ಹೋಗಿ ವಲಸೆ ಹಕ್ಕಿ ಎಣಿಸುವುದು ನನಗೊಂದು ಚಟ. ಈ ಸಲ ಹೋದರೆ ಕೆರೆ ತುಂಬಿ ನಿಂತಿದೆ. ತುಂಬಿದ ಕೆರೆ ನೋಡಿ ಮುಖ ಸಣ್ಣ ಮಾಡಿಕೊಳ್ಳುವ ಮನುಷ್ಯ ಕೋಲಾರ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಏನು ಮಾಡೋದು, ನನ್ನ ಹಕ್ಕಿಗಳಿಗೆ ಬೇಕಾದ್ದು ನೀರಲ್ಲ, ನೀರು ಹಿಂದೆ ಸರಿದ ಜಾಗದ ರೊಜ್ಜು. ಅವುಗಳ ಕಾಲೇ ಬೆರಳುದ್ದ ಇಲ್ಲ.

ಕೊನೆಗೆ ಕೆರೆಯ ಹಿಂದಿನ ತುದಿಯಲ್ಲಿ, ಜಾಲಿ ಗಿಡಗಳ ಪಕ್ಕ, ಒಂದಿಷ್ಟು ಕೆಸರು ಸಿಕ್ಕಿತು. ಅಲ್ಲಿದ್ದವು ಲಿಟಲ್ ಸ್ಟಿಂಟ್‌ಗಳು. ಗುಬ್ಬಚ್ಚಿ ಗಾತ್ರ, ತೂಕ ಇಪ್ಪತ್ತು ಮೂವತ್ತು ಗ್ರಾಂ ಅಷ್ಟೇ. ಹೊಲಿಗೆ ಮಷಿನ್ ಸೂಜಿ ಥರ ಕೊಕ್ಕು ಒಂದೇ ಸಮ ಕೆಸರಿಗೆ ಇಳಿಯುತ್ತದೆ, ಏಳುತ್ತದೆ. ಕಾಲು ಕಪ್ಪು. ಇದೇ ಗಾತ್ರದ ಟೆಮಿಂಕ್ಸ್ ಸ್ಟಿಂಟ್‌ಗೆ ಕಾಲು ಹಳದಿ. ಕಾಲಿಗೆ ಕೆಸರು ಮೆತ್ತಿಕೊಂಡರೆ ಎಲ್ಲವೂ ಒಂದೇ, ಅದು ಬೇರೆ ಮಾತು. ಸುಮಾರು ಹಕ್ಕಿಗಳ ಬೆನ್ನ ಮೇಲೆ ಸುಣ್ಣದಲ್ಲಿ ಎಳೆದ ಹಾಗೆ ಬಿಳಿ 'ವಿ' ಗೆರೆ ಇತ್ತು. ಅಂದರೆ ಈ ವರ್ಷ ಹುಟ್ಟಿದ ಮರಿಗಳು.

ಎಣಿಸಿದೆ. ನಲವತ್ಮೂರು. ಮತ್ತೆ ಎಣಿಸಿದೆ. ನಲವತ್ತೊಂದು.

ಅಷ್ಟರಲ್ಲಿ ಹಿಂದೆ ಕುರಿಗಳ ಸದ್ದು. ಒಬ್ಬರು ಅಜ್ಜಿ ಮೊದಲು ತೆಲುಗಲ್ಲಿ ಏನೋ ಕೇಳಿದರು, ನನ್ನ ಮುಖ ನೋಡಿ ಕನ್ನಡಕ್ಕೆ ಬಂದರು.

"ಏನ್ ಸಾಮಿ, ಹಿಡಿಯಾಕೆ ಬಂದ್ರಾ?"

"ಇಲ್ಲ ಅಜ್ಜಿ, ಎಣಿಸೋಕೆ."

ಎಲ್ಲಿಂದ ಬರುತ್ತವೆ ಅಂತ ಕೇಳಿದರು. ರಷ್ಯಾದ ಆಚೆ ತುದಿ, ವರ್ಷಕ್ಕೆ ಎರಡು ಮೂರು ತಿಂಗಳಷ್ಟೇ ಹಿಮ ಕರಗುವ ಜಾಗ ಅಂದೆ. ಹುಮ್ಮಸ್ಸು ಬಂದು ಇನ್ನೂ ಹೇಳಿದೆ. ದೊಡ್ಡವು ಮೊದಲೇ ಹೊರಟುಬಿಡುತ್ತವೆ, ಮರಿಗಳು ಆಮೇಲೆ ತಾವೇ ದಾರಿ ಹುಡುಕಿಕೊಂಡು ಬರುತ್ತವೆ ಅಂತ. ಅಜ್ಜಿ ಅದಕ್ಕೇನೂ ಆಶ್ಚರ್ಯಪಡಲಿಲ್ಲ.

"ಎಷ್ಟವೆ?"

"ಒಂದ್ಸಲ ನಲವತ್ಮೂರು, ಇನ್ನೊಂದ್ಸಲ ನಲವತ್ತೊಂದು."

"ಆ ಎರಡು ಎಲ್ಲಿ ಹೋದವು?"

"ಇಲ್ಲೇ ಎಲ್ಲೋ ಇರ್ತವೆ, ಬಿಡಿ."

"ಬಿಡಿ ಅಂದ್ರೆ ಹೆಂಗೆ ಸಾಮಿ? ಎಣಿಸೋರು ನೀವಲ್ವಾ?"

ನಗಲಿಲ್ಲ ಅವರು. ಕೋಲು ಊರಿ ನಿಂತು ಕೆಸರಿನ ಕಡೆಗೇ ನೋಡುತ್ತಿದ್ದರು. ಅವರ ಲೆಕ್ಕದಲ್ಲಿ ಒಂದು ಕುರಿ ಕಮ್ಮಿಯಾದರೆ ಸಂಜೆ ಮನೆಯಲ್ಲಿ ಕೇಳುವವರಿದ್ದಾರೆ. ನನ್ನ ಎರಡು ಸ್ಟಿಂಟ್ ಕೇಳುವವರು ಯಾರು? ದಾರಿಯಲ್ಲಿ ಸತ್ತ ಮರಿಗಳನ್ನಂತೂ ಯಾರೂ ಕೇಳಲ್ಲ. ಹೊರಟಿದ್ದೆಷ್ಟು ಅಂತಲೇ ಗೊತ್ತಿಲ್ಲವಲ್ಲ.

ಆ 'ಬಿಡಿ' ನನ್ನ ಬಾಯಿಗೆ ಎಷ್ಟು ಸಲೀಸಾಗಿ ಬಂತು ಅಂತ ಈ ವಾರವೆಲ್ಲ ಯೋಚಿಸಿದೆ. ಈ ಕೆರೆಯ ನೀರಿನ ವಿಷಯದಲ್ಲೂ ಅದನ್ನೇ ಅಂದವನು ನಾನು. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನವರು ಬಳಸಿ ಬಿಟ್ಟಿದ್ದನ್ನು ಎರಡು ಹಂತ ಶುದ್ಧ ಮಾಡಿದ ನೀರು, ನಮ್ಮ ಜಿಲ್ಲೆಗೆ ಬಂತು. ಮೂರನೇ ಹಂತವೂ ಆಗಲಿ ಅಂತ ರೈತರು ಕೂಗಿದರು. ನಾನು ಟೀ ಅಂಗಡಿಯಲ್ಲಿ ಕೂತು "ಬಿಡಿ, ನೀರಾದ್ರೂ ಬಂತಲ್ಲ" ಅಂದೆ. ತಪ್ಪು ಅಂತಲೂ ಅನ್ನಿಸಲ್ಲ. ಒಣಗಿದ ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದವರು ನಾವು. ಆದರೆ ಹಂತ ಎಣಿಸುತ್ತಿದ್ದವರು ಸುಮ್ನೆ ತಕರಾರಿನವರು ಅಂತ ಅಂದುಕೊಂಡಿದ್ದೆ ನೋಡಿ, ಅದು ಈಗ ಚುಚ್ಚುತ್ತದೆ.

ಇರಲಿ. ಅಜ್ಜಿ ಕುರಿ ಹೊಡೆದುಕೊಂಡು ಏರಿ ಕಡೆ ಹೋದರು. ನಾನು ಮೂರನೇ ಸಲ ಎಣಿಸಲು ಕೂತೆ. ಇಪ್ಪತ್ತಾರರವರೆಗೆ ಬಂದಿದ್ದೆ. ನನ್ನ ಜೊತೆ ಬಂದಿದ್ದ ಸ್ನೇಹಿತರು, ಮೊಣಕೈಯುದ್ದ ಲೆನ್ಸ್ ಇರುವವರು, ಇನ್ನೊಂದು ಹೆಜ್ಜೆ ಹತ್ತಿರ ಹೋದರು. ಯಾವಾಗಲೂ ಇನ್ನೊಂದೇ ಹೆಜ್ಜೆ ಅವರದ್ದು. ಒಳ್ಳೆಯವರೇ, ಆದರೆ ಹಕ್ಕಿ ಅಂದರೆ ಅವರಿಗೆ ಫೋಟೋ ಅಷ್ಟೇ. ಸ್ಟಿಂಟ್‌ಗಳೆಲ್ಲ ಒಟ್ಟಿಗೆ ಎದ್ದವು. ನೀರಿನ ಮೇಲೆ ಒಂದು ಸಲ ತಿರುಗಿದವು, ಹೊಟ್ಟೆಯ ಬಿಳುಪು ಫಳ್ ಅಂತ ಹೊಳೆಯಿತು, ಆಚೆ ದಡ ದಾಟಿ ಹೋದವು. ಕೆಸರಿನಲ್ಲಿ ಬರೀ ಹೆಜ್ಜೆ ಗುರುತು.

ಏರಿ ಮೇಲಿನಿಂದ ಅಜ್ಜಿ ಕೂಗಿದರು.

"ಸಿಕ್ಕವಾ ಸಾಮಿ, ಆ ಎರಡು?"

"ಸಿಕ್ಕವು ಅಜ್ಜೀ!"

ಮನೆಗೆ ಬಂದು ಮೊಬೈಲಿನಲ್ಲಿ ನಲವತ್ಮೂರು ಅಂತ ಹಾಕಿದೆ.