ಮಾತ್ರೆ ಮಾಡೋದು ನಾವು, ಹೊಸ ಔಷಧ ಹುಡುಕೋದು ಬೇರೆಯವರು: ಯಾಕೆ ಹೀಗೆ?

ಔಷಧ ಸಂಶೋಧನೆಯ ಕೆಲಸದಲ್ಲಿರುವವರಿಗೆ ಮದುವೆ ಮನೆಯಲ್ಲಿ, ರೈಲಿನಲ್ಲಿ ತಪ್ಪದೆ ಎದುರಾಗುವ ಪ್ರಶ್ನೆ ಇದು: "ಅಮೆರಿಕದವರೂ ಭಾರತದ ಮಾತ್ರೆ ನುಂಗ್ತಾರಂತೆ. ಹಾಗಿದ್ದ ಮೇಲೆ ಒಂದು ಹೊಸ ಔಷಧ ಕಂಡುಹಿಡಿಯೋಕೆ ನಮ್ಮವರಿಗೇನು ಕಷ್ಟ? ತಲೆ ಇಲ್ಲವೋ, ದುಡ್ಡಿಲ್ಲವೋ?"

ಮೊದಲು ಪ್ರಶ್ನೆಯನ್ನೇ ಸ್ವಲ್ಪ ತಿದ್ದಬೇಕು. ಕಂಡುಹಿಡಿದೇ ಇಲ್ಲ ಅನ್ನುವುದು ಸರಿಯಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದರಂತೆ ನುಂಗುವ, ಹಾರ್ಮೋನ್ ಇಲ್ಲದ ಗರ್ಭನಿರೋಧಕ ಮಾತ್ರೆ ‘ಸಹೇಲಿ’ ಹುಟ್ಟಿದ್ದು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ‘ಛಾಯಾ’ ಎಂಬ ಹೆಸರಲ್ಲಿ ಪುಕ್ಕಟೆ ಕೊಡುವುದೂ ಅದನ್ನೇ. ಸಕ್ಕರೆ ಕಾಯಿಲೆಯವರ ಕೊಬ್ಬಿನಂಶ ಇಳಿಸುವ ಸಾರೋಗ್ಲಿಟಜಾರ್‌ಗೆ 2013ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಅಹಮದಾಬಾದಿನ ಜೈಡಸ್ ಕಂಪನಿಯದು. ಹೀಗೆ ಹೆಸರು ಹೇಳುತ್ತ ಹೋದರೆ ಪಟ್ಟಿ ಬೇಗನೇ ಮುಗಿಯುತ್ತದೆ, ಅಷ್ಟೇ. ಇಷ್ಟು ದೊಡ್ಡ ಉದ್ಯಮಕ್ಕೆ ಅದು ಕಡಿಮೆಯೇ. ಹಾಗಾಗಿ ಪ್ರಶ್ನೆ ನಿಲ್ಲುತ್ತದೆ.

ನಮ್ಮ ಉತ್ತರ ಇದು: ಈ ದೇಶದಲ್ಲಿ ಕೆಮಿಸ್ಟ್ರಿ ಐವತ್ತು ವರ್ಷದಿಂದ ಪಳಗಿದೆ, ಬಯಾಲಜಿ ಈಗ ಪಳಗುತ್ತಿದೆ. ಮೊದಲನೆಯದಕ್ಕೆ ಕಾರಣ ಒಂದು ಕಾನೂನು. 1970ರ ಪೇಟೆಂಟ್ ಕಾಯ್ದೆ 1972ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ, ಔಷಧಕ್ಕೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಉಂಟು ಎಂದಾಯಿತು. ಅಂದರೆ ಅದೇ ಔಷಧವನ್ನು ಬೇರೆ ದಾರಿಯಲ್ಲಿ ಮಾಡಿದರೆ ಯಾರೂ ತಡೆಯುವಂತಿಲ್ಲ. 2005ರ ಜನವರಿ 1ರವರೆಗೆ ಹೀಗೇ ನಡೆಯಿತು. ಬೇರೆ ದಾರಿ ಹುಡುಕುವುದನ್ನೇ ಕಸುಬು ಮಾಡಿಕೊಂಡ ಒಂದಿಡೀ ತಲೆಮಾರು ಹೈದರಾಬಾದ್, ಮುಂಬೈ, ಅಹಮದಾಬಾದುಗಳಲ್ಲಿ ಬೆಳೆಯಿತು.

ಇದನ್ನು ‘ಬರೀ ನಕಲು’ ಎಂದು ತಳ್ಳಿಹಾಕುವವರು ಒಮ್ಮೆ ರಿಯಾಕ್ಟರ್ (ರಾಸಾಯನಿಕ ಕ್ರಿಯೆ ನಡೆಸುವ ದೊಡ್ಡ ಪಾತ್ರೆ) ಮುಂದೆ ನಿಂತು ನೋಡಬೇಕು. ಒಂದು ಲೀಟರಿನ ಫ್ಲಾಸ್ಕಿನಲ್ಲಿ ಚೆನ್ನಾಗಿ ನಡೆದ ಕ್ರಿಯೆಯನ್ನು ಸಾವಿರ ಲೀಟರಿಗೆ ಒಯ್ದಾಗ ದ್ರವ ಸಾವಿರ ಪಟ್ಟು ಆಗುತ್ತದೆ, ಪಾತ್ರೆಯ ಮೈ ಮಾತ್ರ ನೂರು ಪಟ್ಟು. ಲೀಟರಿಗೆ ಸಿಗುವ ತಣಿಸುವ ಜಾಗ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಫ್ಲಾಸ್ಕಿನಲ್ಲಿ ಹತ್ತು ನಿಮಿಷದಲ್ಲಿ ಸುರಿದ ರಾಸಾಯನಿಕವನ್ನು ಇಲ್ಲಿ ಗಂಟೆಗಟ್ಟಲೆ ಹನಿಹನಿಯಾಗಿ ಬಿಡಬೇಕು, ಇಲ್ಲದಿದ್ದರೆ ಕಾವು ಕೈಮೀರುತ್ತದೆ. ಆ ಗಂಟೆಗಳಲ್ಲಿ ಬೇಡದ ಉಪಪದಾರ್ಥಗಳು ಹುಟ್ಟಿಕೊಳ್ಳುತ್ತವೆ. ದಿನಕ್ಕೆ ಎರಡು ಗ್ರಾಂವರೆಗಿನ ಔಷಧದಲ್ಲಿ ಶೇ. 0.10ಕ್ಕಿಂತ ಹೆಚ್ಚಿರುವ ಪ್ರತಿಯೊಂದು ಕಲ್ಮಶವೂ ಏನೆಂದು ಗುರುತಿಸಲೇಬೇಕು. ಮಾತ್ರೆ ಆದ ಮೇಲೂ ಕೆಲಸ ಮುಗಿಯದು. ಸಾಮಾನ್ಯವಾಗಿ 24ರಿಂದ 36 ಆರೋಗ್ಯವಂತರಿಗೆ ಒಮ್ಮೆ ಮೂಲ ಮಾತ್ರೆ, ಕೆಲವು ದಿನ ಬಿಟ್ಟು ನಮ್ಮ ಮಾತ್ರೆ ಕೊಟ್ಟು, ಮತ್ತೆ ಮತ್ತೆ ರಕ್ತ ತೆಗೆದು, ಎರಡರಿಂದಲೂ ರಕ್ತಕ್ಕೆ ಸೇರಿದ ಔಷಧದ ಅನುಪಾತ ಶೇ. 80ರಿಂದ 125ರ ಒಳಗೆ ಕೂತಿದೆ ಎಂದು ತೋರಿಸಬೇಕು. 2001ರಲ್ಲಿ ಸಿಪ್ಲಾ ಎಚ್‌ಐವಿಯ ಮೂರು ಔಷಧಗಳ ಜೋಡಿಯನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆ ಎಂದಾಗ, ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟುತ್ತಿದ್ದ ಚಿಕಿತ್ಸೆ ಅಲ್ಲಿಗೆ ಇಳಿದದ್ದು ಈ ಕೈಚಳಕದಿಂದ.

ಆದರೆ ಜೆನೆರಿಕ್, ಅಂದರೆ ಬೇರೆಯವರು ಕಂಡುಹಿಡಿದ ಔಷಧವನ್ನೇ ಹೀಗೆ ಮತ್ತೆ ಮಾಡುವಾಗ ಉತ್ತರ ಮೊದಲೇ ಗೊತ್ತಿರುತ್ತದೆ: ಈ ಅಣು ಈ ಕಾಯಿಲೆಗೆ ಕೆಲಸ ಮಾಡುತ್ತದೆ ಎಂದು ಬೇರೆಯವರು ಖರ್ಚು ಮಾಡಿ ತೋರಿಸಿರುತ್ತಾರೆ. ಹೊಸ ಔಷಧದಲ್ಲಿ ಉತ್ತರವಿಲ್ಲ. ಮೈಯೊಳಗಿನ ಯಾವ ಪ್ರೋಟೀನನ್ನು ಹಿಡಿಯಬೇಕು, ಸಾವಿರಾರು ಅಣುಗಳಲ್ಲಿ ಯಾವುದು ಅದಕ್ಕೆ ಅಂಟುತ್ತದೆ, ಅಂಟಿದ್ದು ಹೊಟ್ಟೆಯಿಂದ ರಕ್ತಕ್ಕೆ ಇಳಿಯುತ್ತದೆಯೇ, ಯಕೃತ್ತು (ಲಿವರ್) ಅದನ್ನು ಎಷ್ಟು ಬೇಗ ಒಡೆಯುತ್ತದೆ, ಇಲಿಯಲ್ಲಿ ಮತ್ತು ನಾಯಿಯಂಥ ಇನ್ನೊಂದು ಪ್ರಾಣಿಯಲ್ಲಿ ವಿಷವಾಗುತ್ತದೆಯೇ, ಎಲ್ಲವನ್ನೂ ಕೇಳಿಕೊಂಡು ಹೋಗಬೇಕು. ಇಷ್ಟೆಲ್ಲ ದಾಟಿ ಮನುಷ್ಯರವರೆಗೆ ಬಂದ ಹತ್ತು ಅಣುಗಳಲ್ಲಿ ಅಂಗಡಿಗೆ ತಲುಪುವುದು ಹೆಚ್ಚುಕಡಿಮೆ ಒಂದು. ಹೆಚ್ಚಿನವು ಬೀಳುವುದು ಎರಡನೇ ಹಂತದಲ್ಲಿ, ಅಂದರೆ ಮೊದಲ ಬಾರಿ ನಿಜವಾದ ರೋಗಿಗಳಲ್ಲಿ ಪರಿಣಾಮ ನೋಡುವಾಗ. ಅಷ್ಟು ಹೊತ್ತಿಗೆ ಏಳೆಂಟು ವರ್ಷ ಕಳೆದಿರುತ್ತದೆ. 1997ರಲ್ಲಿ ಡಾ. ರೆಡ್ಡೀಸ್ ತನ್ನ ಬಾಲಾಗ್ಲಿಟಜೋನ್ ಎಂಬ ಅಣುವನ್ನು ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್‌ಗೆ ಕೊಟ್ಟಾಗ ದೇಶಕ್ಕೆ ದೇಶವೇ ಹೆಮ್ಮೆಪಟ್ಟಿತು. ಅದು ಔಷಧವಾಗಲಿಲ್ಲ. ಈ ಕಸುಬಿನಲ್ಲಿ ಅದು ಅವಮಾನವೇನಲ್ಲ, ಮಾಮೂಲು. ಮೂರು ತಿಂಗಳಿಗೊಮ್ಮೆ ಲಾಭ ತೋರಿಸಬೇಕಾದ ಜೆನೆರಿಕ್ ಕಂಪನಿಗೆ ಮಾತ್ರ ಈ ಮಾಮೂಲನ್ನು ಸಹಿಸಿಕೊಳ್ಳುವುದು ಕಷ್ಟ. ಸರ್ಕಾರ, ಖಾಸಗಿ ಎರಡೂ ಸೇರಿ ಸಂಶೋಧನೆಗೆ ಹಾಕುವ ಹಣ ದೇಶದ ಒಟ್ಟು ಉತ್ಪನ್ನದ ಶೇ. 0.64ರ ಆಸುಪಾಸು. ಚೀನಾದಲ್ಲಿ ಅದು ಶೇ. 2 ದಾಟಿ ಎಷ್ಟೋ ಕಾಲವಾಯಿತು.

ಹಾಗಾದರೆ ಬಯಾಲಜಿ ಪಳಗುತ್ತಿದೆ ಅನ್ನುವುದಕ್ಕೆ ಆಧಾರ? ಬೆಂಗಳೂರನ್ನೇ ನೋಡಿ. 1993ರಲ್ಲಿ ಶುರುವಾದ ಸಿಂಜೀನ್‌ನಂಥ ಕಂಪನಿಗಳು ವಿದೇಶಿ ಕಂಪನಿಗಳಿಗೆ ಗುತ್ತಿಗೆಯ ಮೇಲೆ ಸಂಶೋಧನೆ ಮಾಡಿಕೊಡುತ್ತ ಬಂದವು. ಶುರುವಿನಲ್ಲಿ ಇಂಥ ಎಷ್ಟೋ ಒಪ್ಪಂದಗಳಲ್ಲಿ ಇಲ್ಲಿಯ ಕೆಮಿಸ್ಟಿಗೆ ಅಣುವಿನ ಚಿತ್ರ ಬರುತ್ತಿತ್ತು, ಅದು ಯಾವ ಕಾಯಿಲೆಗೆ ಎಂಬುದು ಬರುತ್ತಿರಲಿಲ್ಲ. ಅಡುಗೆ ಮಾಡಿ ಕಳಿಸುವುದು, ರುಚಿ ನೋಡುವವರು ಬೇರೆ. ಈಗ ಗುರಿ (ಹಿಡಿಯಬೇಕಾದ ಪ್ರೋಟೀನ್) ಆರಿಸುವುದರಿಂದ ಪ್ರಾಣಿ ಪರೀಕ್ಷೆಯವರೆಗೆ ಇಡೀ ಕೆಲಸ ಇಲ್ಲೇ ನಡೆಯುವ ಯೋಜನೆಗಳಿವೆ. ಆಸ್ಟ್ರಾಝೆನೆಕಾ ತನ್ನ ಬೆಂಗಳೂರಿನ ಸಂಶೋಧನಾ ಕೇಂದ್ರವನ್ನು ಮುಚ್ಚುವುದಾಗಿ 2014ರಲ್ಲಿ ಹೇಳಿದಾಗ ಇನ್ನು ಮುಗಿಯಿತು ಎಂದವರೇ ಹೆಚ್ಚು. ಆದರೆ ಅಲ್ಲಿಂದ ಹೊರಬಿದ್ದ ವಿಜ್ಞಾನಿಗಳು ಇರುವ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ವಿರುದ್ಧ ಔಷಧ ಹುಡುಕುವ ಬಗ್‌ವರ್ಕ್ಸ್ ಕಂಪನಿ ಕಟ್ಟುವುದರಲ್ಲಿದ್ದರು. ಆ ಕೇಂದ್ರದಲ್ಲಿ ಹುಟ್ಟಿದ ಟಿಬಿಎ-7371 ಎಂಬ ಕ್ಷಯದ ಅಣು ರೋಗಿಗಳ ಮೇಲಿನ ಪ್ರಯೋಗದವರೆಗೂ ಹೋಯಿತು. ಕಟ್ಟಡ ಹೋಯಿತು, ಜನ ಉಳಿದರು.

ಇನ್ನೊಂದು ಆಧಾರವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆದ ನೆಕ್ಸ್‌ಕಾರ್19 ಕೆಲವು ಬಗೆಯ ರಕ್ತ ಕ್ಯಾನ್ಸರಿಗೆ ಬಳಸುವ ಕೋಶ ಚಿಕಿತ್ಸೆ. ಐಐಟಿ ಬಾಂಬೆಯ ಪ್ರಯೋಗಾಲಯ, ಟಾಟಾ ಮೆಮೋರಿಯಲ್ ಆಸ್ಪತ್ರೆ ಮತ್ತು ಇಮ್ಯುನೋಆಕ್ಟ್ ಕಂಪನಿ ಸೇರಿ ಮಾಡಿದ್ದು. ರೋಗಿಯ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಬಿಳಿ ಕಣಗಳನ್ನು ಬೇರ್ಪಡಿಸುತ್ತಾರೆ. ಅದರಲ್ಲಿನ ಟಿ ಕೋಶಗಳನ್ನು (ರೋಗದ ವಿರುದ್ಧ ಹೋರಾಡುವ ಬಿಳಿ ಕಣಗಳು) ಎಬ್ಬಿಸಿ, ನಿರುಪದ್ರವಿಯಾಗಿಸಿದ ಲೆಂಟಿವೈರಸ್ ಮೂಲಕ, ಕ್ಯಾನ್ಸರ್ ಕೋಶವನ್ನು ಹಿಡಿಯುವ ಕೊಂಡಿಯೊಂದನ್ನು ಮೂಡಿಸುವ ಹೊಸ ಜೀನ್ ಒಳಗೆ ಸೇರಿಸುತ್ತಾರೆ. ಕೋಶಗಳು ಬೆಳೆದ ಮೇಲೆ ಸೋಂಕಿಲ್ಲ ಎಂದು ಖಚಿತಪಡಿಸಿಕೊಂಡು, ರೋಗಿಗೆ ಕೆಲವು ದಿನ ಹಗುರ ಕೀಮೋ ಕೊಟ್ಟು, ಡ್ರಿಪ್ ಮೂಲಕ ವಾಪಸ್ ಬಿಡುತ್ತಾರೆ. ಕೆಡುವ ಜಾಗಗಳು ಗೊತ್ತಿರುವಂಥವೇ. ಹಿಂದಿನ ಕೀಮೋಗಳಿಂದ ಬಳಲಿದ ಟಿ ಕೋಶ ಬೆಳೆಯುವುದೇ ಇಲ್ಲ, ಕೋಶ ಸಿದ್ಧವಾಗುವಷ್ಟರಲ್ಲಿ ರೋಗ ಮುಂದೆ ಓಡುತ್ತದೆ, ವಾಪಸ್ ಹೋದ ಕೋಶಗಳು ಅತಿಯಾಗಿ ಕೆರಳಿ ಜ್ವರ ಏರಿ ರಕ್ತದೊತ್ತಡ ಬೀಳುತ್ತದೆ. ಆ ಕೊಂಡಿಯನ್ನು ಇಲಿಯ ಪ್ರೋಟೀನಿನದ್ದಾಗಿಯೇ ಬಿಡದೆ ಮನುಷ್ಯರ ಪ್ರೋಟೀನಿಗೆ ಹತ್ತಿರವಾಗಿಸಿದ್ದು ಇಲ್ಲಿಯ ವಿಶೇಷ. ಅಮೆರಿಕದಲ್ಲಿ 2017ರಲ್ಲಿ ಬಂದ ಮೊದಲ ಇಂಥ ಚಿಕಿತ್ಸೆಯ ಬೆಲೆ 4,75,000 ಡಾಲರ್. ಇಲ್ಲಿಯದು ಅದರ ಹತ್ತನೇ ಒಂದು ಪಾಲಿನ ಸುತ್ತಮುತ್ತ. ಬೆಲೆ ಇಳಿಯಲು ದೊಡ್ಡ ಕಾರಣ, ದುಬಾರಿಯಾದ ಆ ವೈರಸ್ಸನ್ನು ಕೊಂಡು ತರದೆ ತಾವೇ ತಯಾರಿಸಿಕೊಂಡದ್ದು.

ನ್ಯುಮೋನಿಯಾಕ್ಕೆ ಮೂರೇ ದಿನ ನುಂಗುವ ನಾಫಿಥ್ರೋಮೈಸಿನ್ ಕೂಡ ಇಲ್ಲಿಯದೇ, ವೊಕಾರ್ಟ್ ಕಂಪನಿಯದು. 14 ವರ್ಷ ಮತ್ತು ಸುಮಾರು 500 ಕೋಟಿ ರೂಪಾಯಿ ತಿಂದಿತು. ಕೊನೆಯ ಹಂತದ ಪ್ರಯೋಗಕ್ಕೆ ಸರ್ಕಾರಿ ಸಂಸ್ಥೆ ಬೈರ್ಯಾಕ್ ಕೊಟ್ಟದ್ದು 8 ಕೋಟಿ. ಈ ಎರಡು ಅಂಕಿ ಅಕ್ಕಪಕ್ಕ ಇಟ್ಟರೆ ದುಡ್ಡಿನ ಪ್ರಶ್ನೆಗೆ ಬೇರೆ ಉತ್ತರ ಬೇಡ.

ನಿಯಮ ಅಡ್ಡಿಯೇ ಎಂದೂ ಕೇಳುತ್ತಾರೆ. ಮೊದಲಿನಷ್ಟಿಲ್ಲ. 2019ರ ನಿಯಮಗಳ ಪ್ರಕಾರ ಭಾರತದಲ್ಲೇ ಹುಟ್ಟಿದ ಔಷಧದ ಪ್ರಯೋಗದ ಅರ್ಜಿಗೆ 30 ಕೆಲಸದ ದಿನಗಳಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಒಪ್ಪಿಗೆ ಎಂದೇ ಅರ್ಥ.

ನಿಜವಾದ ಇಕ್ಕಟ್ಟು ಯಾರೂ ಕೇಳದ ಕಡೆ ಇದೆ: ಪ್ರಾಣಿ ಪರೀಕ್ಷೆಯ ಫಲ ಓದಬಲ್ಲ ಜನ ಸಾಲದು. ಇಲಿಗಳಲ್ಲಿ 28 ದಿನದ ವಿಷ ಪರೀಕ್ಷೆ ಎಂದರೆ ಸಾಮಾನ್ಯವಾಗಿ ನಾಲ್ಕು ಗುಂಪು, ಗುಂಪಿಗೆ ಹತ್ತು ಗಂಡು, ಹತ್ತು ಹೆಣ್ಣು, ಒಟ್ಟು 80. ಔಷಧವಿಲ್ಲದ ಗುಂಪು ಮತ್ತು ಅತಿ ಹೆಚ್ಚು ಔಷಧದ ಗುಂಪು ಎರಡನ್ನೇ ಹಿಡಿದರೂ 40 ಇಲಿ, ಒಂದೊಂದರಿಂದ ಸುಮಾರು 40 ಅಂಗಾಂಶ: 1,600 ಸ್ಲೈಡು. ಇದು ಔಷಧದ ಪೆಟ್ಟೋ, ಔಷಧವಿಲ್ಲದ ಇಲಿಯಲ್ಲೂ ಹೇಗೂ ಕಾಣುವ ಕಲೆಯೋ, ಕತ್ತರಿಸುವಾಗ ಆದ ಹರುಕೋ ಎಂದು ಸೂಕ್ಷ್ಮದರ್ಶಕದಲ್ಲಿ ಒಬ್ಬರು ಕೂತು ನೋಡಿ ಹೇಳಬೇಕು. ಹೇಳಿದ್ದು ತಪ್ಪಾದರೆ ಒಳ್ಳೆಯ ಅಣು ಸಾಯುತ್ತದೆ, ಇಲ್ಲವೇ ಕೆಟ್ಟದ್ದು ಮನುಷ್ಯರ ಹೊಟ್ಟೆಗೆ ಹೋಗುತ್ತದೆ. ಈ ಕೆಲಸ ಕಲಿಯುವುದು ಐಐಟಿಯಲ್ಲಲ್ಲ, ಫಾರ್ಮಸಿ ಕಾಲೇಜಿನಲ್ಲೂ ಅಲ್ಲ. ಪಶುವೈದ್ಯ ಕಾಲೇಜಿನಲ್ಲಿ ರೋಗಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮಾಡಿ, ಆಮೇಲೆ ವರ್ಷಗಟ್ಟಲೆ ಹಿರಿಯರ ಪಕ್ಕ ಕೂತು. ಮಗಳು ಔಷಧ ಸಂಶೋಧನೆಗೆ ಹೋಗಬೇಕಾದರೆ ಏನು ಓದಿಸಬೇಕು ಎಂದು ಕೇಳುವ ಅಪ್ಪ ಅಮ್ಮಂದಿರಿಗೆ ಇದನ್ನು ಹೇಳಿದರೆ, "ದನದ ಡಾಕ್ಟರಾ?" ಎಂದು ಮುಖ ನೋಡುತ್ತಾರೆ. ಹೌದು, ದನದ ಡಾಕ್ಟರೇ.