ಫ್ರಾನ್ಸಿನ ಎತ್ತಿಗೆ ಡುಬ್ಬ ಬಂದಿದ್ದು

ಆಯಿಲ್ ಪೇಂಟಿಂಗ್ ಕಲಿಯಲು ಶುರು ಮಾಡಿ ನಾಲ್ಕು ತಿಂಗಳಾಗಿತ್ತು. ಸೇಬು, ಹೂಜಿ ಎಲ್ಲ ಬರೆದಾಗಿತ್ತು. "ಇನ್ನು ದೊಡ್ಡವರದ್ದೊಂದು ಚಿತ್ರ ನಕಲು ಮಾಡಿ" ಎಂದರು ಮೇಷ್ಟ್ರು. ನಾನು ಆರಿಸಿಕೊಂಡಿದ್ದು ಫ್ರೆಂಚ್ ಕಲಾವಿದೆ ರೋಸಾ ಬೊನರ್ 1849ರಲ್ಲಿ ಬರೆದ ಉಳುಮೆಯ ಚಿತ್ರ. ಫ್ರಾನ್ಸಿನ ನಿವೆರ್ನೆ ಸೀಮೆಯ ಹೊಲ, ಆರಾರು ಎತ್ತಿನ ಎರಡು ಸಾಲು. ಹಳ್ಳಿಕಾರ್ ಎತ್ತು ನೋಡುತ್ತಲೇ ಬೆಳೆದವನು ನಾನು. ಎತ್ತು ಬರೆಯೋದೇನು ಮಹಾ!

ಮೂಲ ಚಿತ್ರ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. 134 ಸೆಂ.ಮೀ. ಎತ್ತರ, 260 ಸೆಂ.ಮೀ. ಅಗಲ. ಆ ಲೆಕ್ಕಕ್ಕೆ 18 ಇಂಚು ಎತ್ತರದ ಕ್ಯಾನ್ವಾಸ್ 35 ಇಂಚು ಅಗಲ ಇರಬೇಕು. ಅಂಗಡಿಯಲ್ಲಿ ಸಿಕ್ಕಿದ್ದು 36. ಒಂದಿಂಚಿಗೆ ಟೇಪ್ ಅಂಟಿಸಿದೆ. ಪ್ರಿಂಟ್ ಮೇಲೆ, ಕ್ಯಾನ್ವಾಸ್ ಮೇಲೆ ಚೌಕ ಎಳೆದೆ. ಬರ್ಂಟ್ ಅಂಬರ್ ಬಣ್ಣವನ್ನು ಟರ್ಪೆಂಟೈನಿನಲ್ಲಿ ನೀರಾಗಿಸಿ ಮೊದಲ ಪದರ ಹಾಕಿದೆ. ಅಂಬರ್ ಬೇಗ ಒಣಗುತ್ತದೆ. ಆದರೆ ಟೈಟಾನಿಯಂ ವೈಟ್ ದಿನಗಟ್ಟಲೆ ಕೈಗೆ ಅಂಟುತ್ತದೆ. ಚಿತ್ರದ ತುಂಬ ಬಿಳಿ ಎತ್ತುಗಳು ಬೇರೆ. ಮನೆಯ ಸ್ವಿಚ್‌ಬೋರ್ಡ್ ಮೇಲೂ ನನ್ನ ಬೆರಳಚ್ಚು ಬಿತ್ತು.

ಮೂರನೇ ಭಾನುವಾರ ಊರಿಂದ ಅಪ್ಪ ಬಂದರು. ಮುಂದಿನ ಸಾಲಿನ ಎತ್ತುಗಳು ಮುಗಿಯುತ್ತಾ ಬಂದಿದ್ದವು. ಅಪ್ಪ ಕನ್ನಡಕ ಹಾಕಿಕೊಂಡು ಪ್ರಿಂಟ್ ನೋಡಿದರು, ಕ್ಯಾನ್ವಾಸ್ ನೋಡಿದರು, ಮತ್ತೆ ಪ್ರಿಂಟ್ ನೋಡಿದರು.

"ಅದ್ರಲ್ಲಿ ಡುಬ್ಬ ಇಲ್ಲ ಕಣೋ. ನಿಂದ್ರಲ್ಲಿ ಇದೆ."

ಹೌದು. ಆರಕ್ಕೆ ಆರೂ ಎತ್ತಿಗೆ ಹೆಗಲ ಮೇಲೆ ಗುಂಡಗೆ ಡುಬ್ಬ ಎದ್ದಿತ್ತು. ಗಂಗೆದೊಗಲೂ ಜಾಸ್ತಿಯೇ ಜೋತು ಬಿದ್ದಿತ್ತು. ಚೌಕ ಎಳೆದುಕೊಂಡು, ಅಳತೆ ಹಿಡಿದು ಬರೆದವನು ನಾನು! ಪೇಟೆಯಲ್ಲೇ ಹುಟ್ಟಿ ಬೆಳೆದ ಮೇಷ್ಟ್ರಿಗೂ ಗೊತ್ತಾಗಿರಲಿಲ್ಲ.

"ಡುಬ್ಬ ಇಲ್ದಿದ್ರೆ ನೊಗ ಎಲ್ಲಿ ನಿಲ್ಲುತ್ತೆ?" ಎಂದು ಅಪ್ಪ ಕೇಳಿದರು. ಫೋನಿನಲ್ಲಿ ಚಿತ್ರ ದೊಡ್ಡದು ಮಾಡಿ ನೋಡಿದೆವು. ನೊಗವನ್ನು ಕೊಂಬಿಗೆ ಬಿಗಿದಿದ್ದಾರೆ. ತಲೆಯಿಂದಲೇ ಎಳೆಯಬೇಕು. "ಪಾಪ, ಕತ್ತು ನೋಯಲ್ವಾ" ಎಂದರು. ಆಮೇಲೆ ಮುಂದಿನ ಹೆಂಟೆಗಳನ್ನು ನೋಡಿ, "ಇದು ಮಾಗಿ ಉಳುಮೆ, ಬಿತ್ತೋಕಲ್ಲ" ಎಂದರು. ಅಲ್ಲಿನದ್ದೂ ಚಳಿಗಾಲಕ್ಕೆ ಮುಂಚಿನ ಮೊದಲ ಉಳುಮೆಯೇ. ನಾನು ಹೇಳಿರಲಿಲ್ಲ.

ಈ ರೋಸಾ ದನದ ಸಂತೆ, ಕಸಾಯಿಖಾನೆ ಸುತ್ತಿ ಪ್ರಾಣಿಗಳ ಮೈಕಟ್ಟು ಕಲಿತವಳು. ಹೆಂಗಸಾದ್ದರಿಂದ ಅಲ್ಲೆಲ್ಲ ಪ್ಯಾಂಟ್ ತೊಟ್ಟು ಓಡಾಡಲು ಪೊಲೀಸರಿಂದ ಅನುಮತಿ ಪತ್ರ ಬೇಕಿತ್ತಂತೆ. ನಾನು ಕುರ್ಚಿಯಲ್ಲಿ ಕೂತು, ಎದುರಿಗಿದ್ದ ಪ್ರಿಂಟನ್ನೂ ನೋಡಿರಲಿಲ್ಲ.

ಬಣ್ಣ ಇನ್ನೂ ಹಸಿಯಿತ್ತು, ಪುಣ್ಯ. ಪ್ಯಾಲೆಟ್ ನೈಫ್‌ನಿಂದ ಡುಬ್ಬಗಳನ್ನು ಒಂದೊಂದಾಗಿ ಕೆರೆದೆ, ಬಟ್ಟೆಯಲ್ಲಿ ಒರೆಸಿದೆ. ಹಿನ್ನೆಲೆಯ ಬಣ್ಣ ಮತ್ತೆ ಕಲಸಿದರೆ ಮೊದಲಿನಂತೆ ಬರಲಿಲ್ಲ. ಹತ್ತಿರ ನಿಂತು ನೋಡಿದರೆ ಎತ್ತುಗಳ ಹೆಗಲ ಮೇಲೆ ಸಣ್ಣ ಮೋಡ ಕೂತಂತೆ ಕಾಣುತ್ತದೆ.

ಹಿಂದಿನ ಸಾಲು ಬರೆಯುವಾಗ ಪ್ರಿಂಟನ್ನು ತಲೆಕೆಳಗು ಮಾಡಿ ಇಟ್ಟುಕೊಂಡೆ. ಎತ್ತು ಅಂತ ಕೈಗೆ ಗೊತ್ತಾಗಬಾರದಲ್ಲ! ಐದು ಸರಿ ಬಂದವು. ಕೊನೆಯದಕ್ಕೆ, ಅಕ್ಕಿಕಾಳಿನಷ್ಟು, ಡುಬ್ಬ ಬಂದೇ ಬಿಟ್ಟಿದೆ. ಅಪ್ಪನಿಗೆ ಫೋಟೋ ಕಳಿಸಿದೆ. "ಅದೊಂದು ನಮ್ಮ ಕಡೇದು, ಇರ್ಲಿ ಬಿಡು" ಎಂದರು.